30 ವರ್ಷದ ಬಾಂಡ್ ಹರಾಜಿನಲ್ಲಿ ಹೊರದೇಶದವರ ಬೇಡಿಕೆ ಅಳೆಯುವುದು ಹೇಗೆ

ದಾವಣಗೆರೆ ಎಪಿಎಂಸಿಯಲ್ಲಿ ಮೆಕ್ಕೆಜೋಳದ ರಾಶಿಗೆ ಟೆಂಡರ್ ಹಾಕುವುದನ್ನು ನೋಡಿದವರಿಗೆ, ಸರ್ಕಾರ ಸಾಲ ಎತ್ತಲು ನಡೆಸುವ ಬಾಂಡ್ ಹರಾಜು ಬೇಗ ಅರ್ಥವಾಗುತ್ತದೆ. ಇಲ್ಲಿ ಹೆಚ್ಚು ದರ ಬರೆದವರಿಗೆ ಮಾಲು. ಅಲ್ಲಿ ಕಡಿಮೆ ಯೀಲ್ಡ್‌ಗೆ, ಅಂದರೆ ಬಾಂಡಿನಿಂದ ಸಿಗುವ ಕಡಿಮೆ ವಾರ್ಷಿಕ ಆದಾಯಕ್ಕೆ, ಒಪ್ಪಿದವರಿಗೆ ಮೊದಲು. ಅಮೆರಿಕದಲ್ಲಿ ಕೊನೆಗೆ ಒಪ್ಪಿಕೊಂಡ ಯೀಲ್ಡೇ ಗೆದ್ದವರೆಲ್ಲರಿಗೂ.

ಸರ್ಕಾರಿ ಬಾಂಡುಗಳಲ್ಲಿ ಹಣ ಹೂಡುವ ದೀರ್ಘಾವಧಿ ಗಿಲ್ಟ್ ಫಂಡಿನಲ್ಲಿ ದುಡ್ಡಿಟ್ಟವರು ಇದನ್ನು ಓದಲು ಕಲಿಯಲೇಬೇಕು. 7% ಬಡ್ಡಿಯ 30 ವರ್ಷದ ಬಾಂಡಿನ ಯೀಲ್ಡ್ ಬರೀ 0.10% ಏರಿದರೂ 1 ಲಕ್ಷಕ್ಕೆ ಸುಮಾರು 1,250 ರೂಪಾಯಿ ಕರಗುತ್ತದೆ.

ಅಮೆರಿಕದ ಫಲಿತಾಂಶ ನಮ್ಮಲ್ಲಿ ರಾತ್ರಿ 10.30 ದಾಟುತ್ತಲೇ, ಅವರ ಚಳಿಗಾಲದಲ್ಲಾದರೆ 11.30ರ ನಂತರ, ಟ್ರೆಷರಿಡೈರೆಕ್ಟ್ ತಾಣದಲ್ಲಿ ಸಿಗುತ್ತದೆ. ಮೊದಲು ನೋಡಬೇಕಾದ್ದು ಟೈಲ್: ಹರಾಜಿಗೆ ತುಸು ಮುಂಚೆ ನಡೆಯುತ್ತಿದ್ದ ವೆನ್-ಇಶ್ಯೂಡ್ (ಬಾಂಡ್ ಬಿಡುಗಡೆಗೂ ಮುಂಚಿನ ಮುಂಗಡ ವಹಿವಾಟಿನ) ಯೀಲ್ಡ್‌ಗಿಂತ ಹರಾಜಿನ ಯೀಲ್ಡ್ ಎಷ್ಟು ಮೇಲೆ ಹೋಯಿತು ಎಂಬುದು. ವೆನ್-ಇಶ್ಯೂಡ್ ದರ ಫಲಿತಾಂಶದ ಹಾಳೆಯಲ್ಲಿ ಇರುವುದಿಲ್ಲ, ಮಾರುಕಟ್ಟೆ ಸುದ್ದಿಯಿಂದ ಮೊದಲೇ ಬರೆದಿಟ್ಟುಕೊಳ್ಳಿ. ಆಮೇಲೆ ಪ್ರೈಮರಿ ಡೀಲರ್‌ಗಳ, ಅಂದರೆ ಪ್ರತಿ ಹರಾಜಿನಲ್ಲೂ ಬಿಡ್ ಹಾಕಲೇಬೇಕಾದ ದೊಡ್ಡ ಬ್ಯಾಂಕು, ದಲ್ಲಾಳಿ ಸಂಸ್ಥೆಗಳ ಪಾಲು ನೋಡಿ. ಬೇರೆಯವರು ಬಿಟ್ಟ ಮಾಲು ಇವರ ತಲೆಗೇ ಬರುವುದರಿಂದ, ಈ ಪಾಲು ಉಬ್ಬಿದರೆ ಬೇಡಿಕೆ ಸೊರಗಿದೆ ಎಂದರ್ಥ.

2023ರ ನವೆಂಬರ್ 9ರ ಅಮೆರಿಕದ 30 ವರ್ಷದ ಹರಾಜನ್ನೇ ತೆಗೆದುಕೊಳ್ಳಿ. ಯೀಲ್ಡ್ 4.769%, ಟೈಲ್ 5.3 ಬೇಸಿಸ್ ಪಾಯಿಂಟ್ (0.053%), ಡೀಲರ್‌ಗಳ ಪಾಲು 24.7%. ಕೆಟ್ಟ ಹರಾಜು. ಆದರೂ ಇಂಡೈರೆಕ್ಟ್ ಬಿಡ್ಡರ್‌ಗಳ (ನೇರವಾಗಿ ಅಲ್ಲದೆ ಬೇರೆಯವರ ಮೂಲಕ ಬಿಡ್ ಹಾಕುವವರ) ಪಾಲು 60.1% ಇತ್ತು!

ಹೆಚ್ಚಿನವರು ಎಡವುವುದು ಇಲ್ಲೇ. ಇಂಡೈರೆಕ್ಟ್ ಎಂದರೆ ಹೊರದೇಶದವರು ಎಂದೇ ಓದಿಬಿಡುತ್ತಾರೆ. ವಿದೇಶಿ ಕೇಂದ್ರ ಬ್ಯಾಂಕುಗಳು ಅದರಲ್ಲಿವೆ, ನಿಜ. ಡೀಲರ್‌ಗಳ ಮೂಲಕ ಬಿಡ್ ಹಾಕಿದ ಅಮೆರಿಕದ ಸ್ವಂತ ಫಂಡುಗಳೂ ಅದೇ ಲೆಕ್ಕಕ್ಕೆ ಸೇರುತ್ತವೆ. ಈ ಅಂಕಿಯನ್ನು ಅದೇ ಅವಧಿಯ ಹಿಂದಿನ ಐದಾರು ಹರಾಜುಗಳ ಪಕ್ಕದಲ್ಲಿಟ್ಟು ನೋಡಿ. 10 ವರ್ಷದ್ದರ ಜೊತೆ ಹೋಲಿಸಬೇಡಿ. ಹೊರದೇಶದವರ ನಿಜವಾದ ಪಾಲು, ಅಮೆರಿಕದ ಖಜಾನೆ ಇಲಾಖೆ ಕೆಲ ದಿನಗಳ ನಂತರ ಹೂಡಿಕೆದಾರರ ವರ್ಗವಾರು ಹಂಚಿಕೆಯ ಪಟ್ಟಿ ಹಾಕಿದಾಗಲೇ ಗೊತ್ತಾಗುವುದು.

ನಮ್ಮ ರಿಸರ್ವ್ ಬ್ಯಾಂಕಿನ ಹರಾಜಿನ ಫಲಿತಾಂಶದಲ್ಲಿ ವಿದೇಶಿಯರ ಕಾಲಮ್ಮೇ ಇಲ್ಲ. ಸರ್ಕಾರಿ ಬಾಂಡ್ ವಹಿವಾಟುಗಳನ್ನು ಇತ್ಯರ್ಥಪಡಿಸುವ ಸಿಸಿಐಎಲ್ ಸಂಸ್ಥೆಯ ತಾಣದಲ್ಲಿ ಎಫ್‌ಎಆರ್ ಬಾಂಡುಗಳ (ವಿದೇಶಿಯರು ಮಿತಿಯಿಲ್ಲದೆ ಕೊಳ್ಳಬಹುದಾದವುಗಳ) ವಿದೇಶಿ ಹಿಡುವಳಿ ಸಿಗುತ್ತದೆ. ಹಣ ಪಾವತಿಯಾದ ಮೇಲಿನ ಹಿಡುವಳಿಯಿಂದ ಹರಾಜಿನ ಹಿಂದಿನ ದಿನದ್ದನ್ನು ಕಳೆದು ನೋಡಿ. ಒಂದು ಎಚ್ಚರಿಕೆ: 2024ರ ಜುಲೈ 29ರಿಂದ 14 ಮತ್ತು 30 ವರ್ಷದ ಹೊಸ ಬಾಂಡುಗಳು ಎಫ್‌ಎಆರ್‌ನಿಂದ ಹೊರಗಿವೆ. ಅವು ಆ ಪಟ್ಟಿಯಲ್ಲಿ ಕಾಣದಿದ್ದರೆ ವಿದೇಶಿಯರಿಗೆ ಬೇಡವಾಗಿವೆ ಎಂದು ಬರೆದುಕೊಳ್ಳಬೇಡಿ.