ಬೇರು ನೋಡಿ ನೀರು: ಮೈಸೂರಿನ ಮನೆಯಲ್ಲಿ ನಾನು ಆರ್ಕಿಡ್ ಬೆಳೆಸಿದ ಬಗೆ

ನಾನು ಆರ್ಕಿಡ್‌ಗೆ ನೀರು ಹಾಕುವುದು ವಾರ ನೋಡಿ ಅಲ್ಲ, ಬೇರು ನೋಡಿ. ಕುವೆಂಪುನಗರದ ನಮ್ಮ ಮನೆಯಲ್ಲಿ ಕೆಲವು ವರ್ಷಗಳಿಂದ ಫಲೆನಾಪ್ಸಿಸ್ ಬೆಳೆಸುತ್ತಿದ್ದೇನೆ. ಅಗಲ ಎಸಳು, ಉದ್ದ ದಂಟಿನ ತುಂಬಾ ಸಾಲಾಗಿ ಹೂ ಬಿಡುವ ಜಾತಿ ಅದು. ಈಗ ನರ್ಸರಿಗಳಲ್ಲಿ ಸುಲಭವಾಗಿ ಸಿಗುತ್ತದೆ. ಗೃಹಪ್ರವೇಶಕ್ಕೆ, ಹುಟ್ಟುಹಬ್ಬಕ್ಕೆ ಉಡುಗೊರೆಯಾಗಿಯೂ ಮನೆಗೆ ಬರುತ್ತದೆ. ಎರಡು-ಮೂರು ತಿಂಗಳು ಹೂ ನಿಲ್ಲುತ್ತದೆ. ಆಮೇಲೆ ಹೂ ಉದುರಿ ಬರೀ ಎಲೆ ಉಳಿದಾಗ ಬಹಳ ಜನ ಗಿಡವನ್ನೇ ಬಿಸಾಡುತ್ತಾರೆ. ಅದನ್ನು ನೋಡಿದರೆ ನನಗೆ ನಿಜಕ್ಕೂ ಸಂಕಟ ಆಗುತ್ತದೆ. ಆ ಗಿಡ ಸತ್ತಿಲ್ಲ. ಚೆನ್ನಾಗಿ ನೋಡಿಕೊಂಡರೆ ವರ್ಷ ವರ್ಷ ಹೂ ಕೊಡುತ್ತದೆ.

ಮೊದಲು ತಿಳಿದುಕೊಳ್ಳಬೇಕಾದದ್ದು, ಇದು ಮಣ್ಣಿನ ಗಿಡ ಅಲ್ಲ. ಆಗ್ನೇಯ ಏಷ್ಯಾದ ಕಾಡುಗಳಲ್ಲಿ ಮರದ ಕೊಂಬೆಗೆ ಅಂಟಿಕೊಂಡು ಬೆಳೆಯುತ್ತದೆ. ಬೇರು ಗಾಳಿಯಲ್ಲೇ ಇರುತ್ತದೆ. ಮಳೆ ಬಂದಾಗ ನೆನೆಯುತ್ತದೆ, ನಿಂತ ಮೇಲೆ ಬೇಗ ಒಣಗುತ್ತದೆ. ಬೇರಿನ ಮೇಲೆ ಸ್ಪಂಜಿನ ಹಾಗೆ ನೀರು ಹೀರುವ ಒಂದು ಪದರ ಇದೆ, ಅದಕ್ಕೆ ವೆಲಮೆನ್ ಅನ್ನುತ್ತಾರೆ. ಒಣಗಿದಾಗ ಅದು ಬೆಳ್ಳಿ ಬಣ್ಣಕ್ಕೆ ತಿರುಗುತ್ತದೆ. ನೀರು ಬಿದ್ದ ಒಂದೆರಡು ನಿಮಿಷದಲ್ಲಿ ಹಸಿರಾಗುತ್ತದೆ. ಪಾರದರ್ಶಕ ಪ್ಲಾಸ್ಟಿಕ್ ಪಾಟಿನಲ್ಲಿ ಇದನ್ನು ಕಣ್ಣಾರೆ ನೋಡಬಹುದು. ಮೇಲಿಂದ ನೀರು ಇಳಿದ ಹಾಗೆ ಬಿಳಿ ಬೇರಿನ ಮೇಲೆ ಹಸಿರು ಮೊದಲು ಚುಕ್ಕೆ ಚುಕ್ಕೆಯಾಗಿ ಬರುತ್ತದೆ, ಆಮೇಲೆ ಗೆರೆಯಾಗಿ ಹರಡಿ ಇಡೀ ಬೇರು ಹಸಿರಾಗುತ್ತದೆ. ಎಷ್ಟು ಸಲ ನೋಡಿದರೂ ನನಗೆ ಸಾಕಾಗಿಲ್ಲ.

ಅದಕ್ಕೇ ನನ್ನ ಲೆಕ್ಕ ಸುಲಭ. ಪಾಟಿನ ಒಳಗಿನ ಬೇರು ಹಸಿರಾಗಿದ್ದರೆ ನೀರು ಬೇಡ. ಬೆಳ್ಳಿ ಬಣ್ಣಕ್ಕೆ ಬಂದಿದ್ದರೆ ಬೆಳಿಗ್ಗೆ ಹೊತ್ತು ಧಾರಾಳವಾಗಿ ಹಾಕುತ್ತೇನೆ. ತಳದ ತೂತಿನಿಂದ ಪೂರ್ತಿ ಇಳಿದು ಹೋಗುವವರೆಗೆ ಕಾದು ಮತ್ತೆ ಜಾಗಕ್ಕೆ ಇಡುತ್ತೇನೆ. ಮಾರ್ಚ್-ಏಪ್ರಿಲ್‌ನಲ್ಲಿ ಮೂರು ದಿನಕ್ಕೇ ಬೇರು ಬೆಳ್ಳಗಾಗುತ್ತದೆ. ಜುಲೈನಲ್ಲಿ ಮೋಡ ಮುಚ್ಚಿಕೊಂಡು ಜಿಟಿಜಿಟಿ ಮಳೆ ಹಿಡಿದಾಗ ಹತ್ತು ದಿನ ಆದರೂ ಹಸಿರಾಗಿಯೇ ಇರುತ್ತದೆ. ವಾರಕ್ಕೆ ಇಷ್ಟು ಸಲ ಅಂತ ಯಾರಾದರೂ ಹೇಳಿದರೆ ಅದು ಯಾವ ತಿಂಗಳಿಗೆ, ಯಾವ ಊರಿಗೆ ಅಂತ ಕೇಳಬೇಕಾಗುತ್ತದೆ, ಅಲ್ವಾ?

ಎದುರು ಮನೆ ಆಂಟಿ ಒಮ್ಮೆ ತಮ್ಮ ಗಿಡ ಹಿಡಿದುಕೊಂಡು ಬಂದರು. ಎಲೆಗಳು ಸುಕ್ಕುಗಟ್ಟಿ ಜೋತು ಬಿದ್ದಿದ್ದವು. "ದಿನಾ ನೀರು ಹಾಕ್ತಿದೀನಿ ಕಣಮ್ಮ, ಆದ್ರೂ ಬಾಡ್ತಾ ಇದೆ ನೋಡು" ಅಂದರು. ಪಾಟಿನಿಂದ ಎತ್ತಿ ಬೇರನ್ನು ಎರಡು ಬೆರಳಲ್ಲಿ ಹಿಡಿದು ಎಳೆದೆ. ಕಂದು ಬಣ್ಣದ ಸಿಪ್ಪೆ ಕೈಗೆ ಬಂತು, ಒಳಗೆ ಬರೀ ದಾರದಂಥ ಎಳೆ ಉಳಿಯಿತು. ಗಟ್ಟಿಯಾಗಿದ್ದದ್ದು ಒಂದೋ ಎರಡೋ ಬೇರು. "ನೀರು ಕಮ್ಮಿಯಾಗಿ ಬಾಡಿಲ್ಲ ಆಂಟಿ. ಬೇರು ಕೊಳೆತು, ಹಾಕಿದ ನೀರು ಎಳ್ಕೊಳ್ಳೋಕೆ ಆಗ್ತಿಲ್ಲ" ಅಂದೆ. ಬೇರಿನ ನಟ್ಟನಡುವೆ, ಕಾಂಡದ ಬುಡಕ್ಕೆ ಒತ್ತಿಕೊಂಡು, ಒಂದು ಪಾಚಿ ಉಂಡೆ ಇತ್ತು. ಸಸಿ ಚಿಕ್ಕದಿದ್ದಾಗ ನರ್ಸರಿಯವರು ಹಾಗೆ ಸುತ್ತಿ ಬೆಳೆಸುತ್ತಾರೆ. ಮೇಲೆ ಎಲ್ಲ ಒಣಗಿದಂತೆ ಕಂಡರೂ ಆ ಉಂಡೆ ಮಾತ್ರ ಒದ್ದೆಯಾಗಿಯೇ ಇರುತ್ತದೆ. ಕೊಳೆಯುವುದು ಅಲ್ಲಿಂದ ಶುರು.

ಆ ಗಿಡಕ್ಕೆ ಮಾಡಿದ್ದು ಇಷ್ಟು. ಕತ್ತರಿಯನ್ನು ಗ್ಯಾಸ್ ಉರಿಯಲ್ಲಿ ಕಾಯಿಸಿ ಆರಿಸಿಕೊಂಡು ಕೊಳೆತದ್ದನ್ನೆಲ್ಲ ಕತ್ತರಿಸಿದೆ. ಪಾಚಿ ಉಂಡೆಯನ್ನು ಬಿಡಿಸಿ ತೆಗೆದೆ. ಕತ್ತರಿಸಿದ ಜಾಗಕ್ಕೆ ಮಾತ್ರ ಅಡುಗೆಯ ಚಕ್ಕೆ (ದಾಲ್ಚಿನ್ನಿ) ಪುಡಿ ಮುಟ್ಟಿಸಿದೆ. ಒಳ್ಳೆಯ ಬೇರಿಗೆ ಆ ಪುಡಿ ತಾಗಬಾರದು, ಅದನ್ನೂ ಒಣಗಿಸಿಬಿಡುತ್ತದೆ. ಒಂದು ರಾತ್ರಿ ಹಾಗೇ ನೆರಳಲ್ಲಿ ಬಿಟ್ಟು, ಮಾರನೇ ದಿನ ಅಂಗೈಯಗಲದ ಚಿಕ್ಕ ಪಾಟಿಗೆ ಕೂರಿಸಿದೆ. ಬೇರು ಕಮ್ಮಿ ಇರುವ ಗಿಡಕ್ಕೆ ದೊಡ್ಡ ಪಾಟ್ ಕೊಟ್ಟರೆ ಮತ್ತೆ ಒದ್ದೆ ನಿಲ್ಲುತ್ತದೆ. ಅಲ್ಲಾಡದಂತೆ ಕಡ್ಡಿ ಕಟ್ಟಿದೆ. ಹೊಸ ಬೇರಿನ ತುದಿ ಹಸಿರಾಗಿ ಇಣುಕಲು ತುಂಬಾ ದಿನ ಹಿಡಿಯಿತು, ಆದರೆ ಬಂತು. ಸುಕ್ಕಾದ ಹಳೇ ಎಲೆ ಪೂರ್ತಿ ಸರಿಹೋಗಲಿಲ್ಲ. ಅದರ ಮೇಲೆ ಬಂದ ಎಲೆ ಗಟ್ಟಿಯಾಗಿದೆ. ಗಿಡ ಈಗ ಆಂಟಿಯ ವರಾಂಡದಲ್ಲೇ ಇದೆ.

ಪಾಟಿಗೆ ಏನು ತುಂಬಬೇಕು ಅನ್ನುವುದಕ್ಕೆ ಆನ್‌ಲೈನ್‌ನಲ್ಲಿ ದುಬಾರಿ ಪ್ಯಾಕೆಟ್ ಹುಡುಕಬೇಕಾಗಿಲ್ಲ. ನಾನು ಬಳಸುವುದು ಮರದ ಇದ್ದಿಲು, ಹೆಂಚಿನ ಚೂರು, ಸ್ವಲ್ಪ ತೆಂಗಿನಕಾಯಿ ಮಟ್ಟೆ. ಇದ್ದಿಲನ್ನು ನಮ್ಮ ಬೀದಿಯ ಇಸ್ತ್ರಿ ಅಂಗಡಿಯಿಂದ ತರುತ್ತೇನೆ. ಉರಿದು ಉಳಿದ ಬೂದಿ ಇದ್ದಿಲಲ್ಲ, ಹೊಸದು. ಹೆಬ್ಬೆಟ್ಟಿನ ಗಾತ್ರಕ್ಕೆ ಒಡೆದು, ಪುಡಿ ಹೋಗುವವರೆಗೆ ತೊಳೆಯುತ್ತೇನೆ. ಮಟ್ಟೆಯನ್ನು ತುಂಡು ಮಾಡಿ ಕೆಲವು ದಿನ ನೀರಲ್ಲಿ ನೆನೆಸಬೇಕು. ಕಂದು ನೀರು ಬಿಡುತ್ತದೆ, ದಿನಾ ಚೆಲ್ಲಿ ಹೊಸ ನೀರು ಹಾಕಬೇಕು. ನೀರು ತಿಳಿಯಾದ ಮೇಲೆ ಉಪಯೋಗಿಸಬಹುದು. ಮಟ್ಟೆ ಜಾಸ್ತಿ ಆದರೆ ಮಳೆಗಾಲದಲ್ಲಿ ಒದ್ದೆ ಹಿಡಿದಿಟ್ಟುಕೊಳ್ಳುತ್ತದೆ, ಹಾಗಾಗಿ ನನ್ನ ಪಾಟುಗಳಲ್ಲಿ ಇದ್ದಿಲೇ ಮುಕ್ಕಾಲು ಭಾಗ. ಎರಡು ವರ್ಷಕ್ಕೊಮ್ಮೆ, ಹೂ ಮುಗಿದ ಮೇಲೆ, ಎಲ್ಲ ಬದಲಾಯಿಸುತ್ತೇನೆ. ಹೂ ಇರುವಾಗ ಗಿಡ ಎತ್ತಿ ಇಳಿಸುವ ಕೆಲಸಕ್ಕೆ ಹೋಗುವುದಿಲ್ಲ.

ನೀರಿನ ವಿಷಯಕ್ಕೆ ಬಂದರೆ, ಬೋರ್‌ವೆಲ್ ನೀರು ನನಗೆ ಇಷ್ಟವಿಲ್ಲ. ನಮ್ಮ ಕಡೆಯ ಬೋರ್ ನೀರು ಗಡಸು. ಇದ್ದಿಲಿನ ಮೇಲೆ, ಬೇರಿನ ಮೇಲೆ ಬಿಳಿ ಉಪ್ಪು ಕಟ್ಟುತ್ತದೆ, ಬೇರಿನ ತುದಿ ಕಪ್ಪಾಗುತ್ತದೆ. ನಲ್ಲಿಯಲ್ಲಿ ಬರುವ ಕಾವೇರಿ ನೀರನ್ನು ರಾತ್ರಿ ಬಕೆಟ್‌ನಲ್ಲಿ ಹಿಡಿದಿಟ್ಟು ಬೆಳಿಗ್ಗೆ ಬಳಸುತ್ತೇನೆ. ಮಳೆ ನೀರು ಸಿಕ್ಕರೆ ಇನ್ನೂ ಒಳ್ಳೆಯದು. ಮೈಸೂರಿಗೆ ಮೇ ತಿಂಗಳಲ್ಲೂ ಸೆಪ್ಟೆಂಬರ್-ಅಕ್ಟೋಬರ್‌ನಲ್ಲೂ ಜೋರು ಮಳೆ ಬರುತ್ತದಲ್ಲ, ಆಗ ತಾರಸಿಯ ನೀರನ್ನು ಡ್ರಮ್ಮಿಗೆ ಹಿಡಿದು ಮುಚ್ಚಿಡುತ್ತೇನೆ. ಆರ್‌ಓ ಯಂತ್ರದಿಂದ ಹೊರಗೆ ಬಿಡುವ ನೀರನ್ನು ಮಾತ್ರ ಆರ್ಕಿಡ್‌ಗೆ ಹಾಕಬೇಡಿ. ಉಪ್ಪೆಲ್ಲ ಅದರಲ್ಲೇ ಇರುತ್ತದೆ. ಎಲೆಯ ಸುಳಿಯಲ್ಲಿ ನೀರು ನಿಂತರೆ ಅದೇ ದಿನ ಟಿಶ್ಯೂ ಕಾಗದದ ತುದಿಯಿಂದ ಹೀರಿ ತೆಗೆಯುತ್ತೇನೆ. ಸುಳಿ ಕೊಳೆತರೆ ಗಿಡ ಉಳಿಯುವುದು ಕಷ್ಟ.

ಗೊಬ್ಬರಕ್ಕೆ 19:19:19 ಸಾಕು. ರೈತರು ತರಕಾರಿಗೆ ಬಳಸುವ, ನೀರಲ್ಲಿ ಕರಗುವ ಅದೇ ಪುಡಿ. ಲೀಟರಿಗೆ ಅರ್ಧ ಗ್ರಾಂ ಹಾಕಿ ಹತ್ತು-ಹದಿನೈದು ದಿನಕ್ಕೊಮ್ಮೆ ಕೊಡುತ್ತೇನೆ, ಅದೂ ಬೇರು ಒದ್ದೆ ಮಾಡಿದ ಮೇಲೆ. ತಿಂಗಳಿಗೊಮ್ಮೆ ಬರೀ ನೀರು ಜಾಸ್ತಿ ಹರಿಸಿ ಉಪ್ಪು ತೊಳೆಯುತ್ತೇನೆ. ಸಗಣಿ ಗೊಬ್ಬರ, ಕಾಂಪೋಸ್ಟ್ ಹಾಕುವುದಿಲ್ಲ. ಗಾಳಿಯಾಡುವ ಸಂದುಗಳನ್ನೆಲ್ಲ ಅವು ಮುಚ್ಚಿಬಿಡುತ್ತವೆ.

ಬೆಳಕಿಗೆ ಪೂರ್ವದ ಕಿಟಕಿ. ಬೆಳಿಗ್ಗೆ ಎಂಟೂವರೆ-ಒಂಬತ್ತರವರೆಗಿನ ಎಳೆ ಬಿಸಿಲು ಎಲೆ ಮೇಲೆ ಬಿದ್ದರೆ ತೊಂದರೆ ಇಲ್ಲ, ಆಮೇಲೆ ತೆಳು ಪರದೆ ಎಳೆಯುತ್ತೇನೆ. ಪಶ್ಚಿಮದ ಕಿಟಕಿಯ ಮಧ್ಯಾಹ್ನದ ಬಿಸಿಲು ಮಾರ್ಚ್‌ನಲ್ಲಿ ಒಂದೇ ದಿನಕ್ಕೆ ಎಲೆ ಸುಡುತ್ತದೆ. ಎಲೆಯ ಬಣ್ಣವೇ ಎಲ್ಲ ಹೇಳುತ್ತದೆ. ಕಡು ಹಸಿರಾಗಿ ಮಿಂಚುತ್ತಿದ್ದರೆ ನೋಡಲು ಚೆನ್ನ, ಆದರೆ ಬೆಳಕು ಸಾಲದು, ಹೂ ಬರುವುದಿಲ್ಲ. ತಿಳಿ ಹಸಿರಿದ್ದರೆ ಸರಿ. ಹಳದಿಗೆ ತಿರುಗಿದರೆ ಬಿಸಿಲು ಜಾಸ್ತಿ. ತೀರಾ ಕೆಳಗಿನ ಒಂದು ಎಲೆ ಮಾತ್ರ ಹಳದಿಯಾದರೆ ಚಿಂತೆ ಬೇಡ, ಅದಕ್ಕೆ ವಯಸ್ಸಾಯಿತು ಅಷ್ಟೇ.

ಇನ್ನು ಹೂ. ಈ ವಿಷಯದಲ್ಲಿ ಮೈಸೂರಿನವರು ಪುಣ್ಯವಂತರು. ಫಲೆನಾಪ್ಸಿಸ್‌ಗೆ ಹೂದಂಟು ಬರಬೇಕಾದರೆ ಕೆಲವು ವಾರ ಸತತವಾಗಿ ತಂಪು ಬೇಕು. ಹಗಲು 25 ಡಿಗ್ರಿ ಆಸುಪಾಸು, ರಾತ್ರಿ ಅದಕ್ಕಿಂತ ಕಮ್ಮಿ. ಕರಾವಳಿಯ ಸೆಕೆಯಲ್ಲಿ ಇದು ಕಷ್ಟ. ನಮ್ಮೂರು ಸಮುದ್ರಮಟ್ಟದಿಂದ ಸುಮಾರು 770 ಮೀಟರ್ ಎತ್ತರದಲ್ಲಿದೆ. ಡಿಸೆಂಬರ್-ಜನವರಿಯ ರಾತ್ರಿಗಳಲ್ಲಿ 16-17 ಡಿಗ್ರಿಗೆ ಇಳಿಯುತ್ತದೆ. ಎಸಿ ಬೇಡ, ಏನೂ ಬೇಡ. ದೀಪಾವಳಿ ಕಳೆದ ಮೇಲೆ ನಾನು ಪೂರ್ವದ ಕಿಟಕಿಯನ್ನು ರಾತ್ರಿ ತೆರೆದಿಡುತ್ತೇನೆ, ಸೊಳ್ಳೆ ಪರದೆ ಹಾಗೇ ಇರುತ್ತದೆ. ಈ ಗಿಡ ಇಂಗಾಲದ ಡೈಆಕ್ಸೈಡ್ ಹೀರಿಕೊಳ್ಳುವುದೂ ರಾತ್ರಿಯೇ, ಹಾಗಾಗಿ ರಾತ್ರಿಯ ಗಾಳಿ ಅದಕ್ಕೆ ಒಳ್ಳೆಯದು. ಗಿಡ ಕೊಳ್ಳಬೇಕು ಅಂತಿರುವವರಿಗೆ ನಾನು ಹೇಳುವುದು ದಸರಾ ಸಮಯ. ಕುಪ್ಪಣ್ಣ ಪಾರ್ಕಿನ ಫಲಪುಷ್ಪ ಪ್ರದರ್ಶನ ನೋಡಿ ಆಸೆಯಾದಾಗ ತಂದರೆ, ಚಳಿಗೆ ಮುಂಚೆ ಗಿಡ ಮನೆಗೆ ಹೊಂದಿಕೊಳ್ಳಲು ಸ್ವಲ್ಪ ಕಾಲ ಸಿಗುತ್ತದೆ.

ದಂಟು ಬರುವುದು ಎಲೆಯ ಬುಡದಿಂದ. ಮೊದಮೊದಲು ಬೇರೋ ದಂಟೋ ಗೊತ್ತಾಗುವುದಿಲ್ಲ. ಬೇರಿನ ತುದಿ ಗುಂಡಗೆ, ನುಣ್ಣಗೆ ಇರುತ್ತದೆ. ದಂಟಿನ ತುದಿ ಸ್ವಲ್ಪ ಚಪ್ಪಟೆ, ಒಂದು ಪಕ್ಕಕ್ಕೆ ಚೂಪು, ಮೇಲೆ ಪೊರೆಯ ಗೆರೆ ಕಾಣುತ್ತದೆ, ಬೆಳಕಿನ ಕಡೆಗೆ ಏಳುತ್ತದೆ. ದಂಟು ಅಂತ ಗೊತ್ತಾದ ಮೇಲೆ ಪಾಟ್ ತಿರುಗಿಸಬೇಡಿ, ಜಾಗವನ್ನೂ ಬದಲಾಯಿಸಬೇಡಿ. ಮೊಗ್ಗು ಬಿಟ್ಟ ಗಿಡವನ್ನು ನೆಂಟರಿಗೆ ಕಾಣಲಿ ಅಂತ ಊಟದ ಮೇಜಿನ ಮೇಲೆ ಇಡುವವರಿದ್ದಾರೆ. ಪಕ್ಕದಲ್ಲೇ ಬಾಳೆಹಣ್ಣಿನ ಚಿಪ್ಪು, ಮಾವಿನ ಕಾಲದಲ್ಲಿ ಮಾವು. ಹಣ್ಣು ಮಾಗುವಾಗ ಬಿಡುವ ಎಥಿಲೀನ್ ಅನಿಲಕ್ಕೆ ಮೊಗ್ಗು ಹಳದಿಯಾಗಿ ಉದುರುತ್ತದೆ. ನಮ್ಮ ಮನೆಯಲ್ಲಿ ಹಣ್ಣಿನ ಬುಟ್ಟಿ ಅಡುಗೆಮನೆಯಲ್ಲೇ.

ಹೂ ಮುಗಿದ ಮೇಲೆ ದಂಟು ಹಸಿರಾಗಿದ್ದು ಗಿಡ ಗಟ್ಟಿಯಿದ್ದರೆ, ಕೆಳಗಿನಿಂದ ಎರಡು-ಮೂರು ಗಿಣ್ಣು ಬಿಟ್ಟು ಮೇಲೆ ಕತ್ತರಿಸುತ್ತೇನೆ. ಆ ಗಿಣ್ಣಿನಿಂದ ಮತ್ತೆ ಚಿಕ್ಕ ಕವಲು ಬಂದು ಹೂ ಬಿಡಬಹುದು. ಗಿಡ ಸೋತಿದ್ದರೆ ಬುಡಕ್ಕೇ ಕತ್ತರಿಸುತ್ತೇನೆ, ಸುಧಾರಿಸಿಕೊಳ್ಳಲಿ ಅಂತ.

ಬೇಸಿಗೆಯಲ್ಲಿ ಗಾಳಿ ತೀರಾ ಒಣ. ಪಾಟಿನ ಕೆಳಗೆ ಜಲ್ಲಿ ತುಂಬಿದ ತಟ್ಟೆಯಲ್ಲಿ ನೀರು ಇಡುತ್ತೇನೆ, ಪಾಟಿನ ತಳ ನೀರಿಗೆ ತಾಗದ ಹಾಗೆ. ಡೆಂಗಿ ಭಯ ಇರುವುದರಿಂದ ವಾರಕ್ಕೊಮ್ಮೆ ತಪ್ಪದೆ ತಟ್ಟೆ ಚೆಲ್ಲಿ ತಿಕ್ಕುತ್ತೇನೆ. ಬಿಳಿ ಹಿಟ್ಟು ಅಂಟಿದಂತೆ ಕಾಣುವ ಹಿಟ್ಟು ತಿಗಣೆ ಅನ್ನುವ ಕೀಟ ಬರುವುದೂ ಈ ಒಣ ಕಾಲದಲ್ಲೇ, ಎಲೆಯ ಅಡಿಯಲ್ಲಿ, ಬುಡದ ಸಂದಿಯಲ್ಲಿ. ಹತ್ತಿಯನ್ನು ಸ್ಪಿರಿಟ್‌ನಲ್ಲಿ ಅದ್ದಿ ಒರೆಸಿದರೆ ಹೋಗುತ್ತದೆ, ಆದರೆ ವಾರ ಬಿಟ್ಟು ಮತ್ತೆ ನೋಡಬೇಕು.

ಡೆಂಡ್ರೋಬಿಯಂ ಅನ್ನುವ ಇನ್ನೊಂದು ಬಗೆಯ ಆರ್ಕಿಡ್‌ನ ಕತೆಯೇ ಬೇರೆ. ಅದಕ್ಕೆ ಬಿಸಿಲು ಜಾಸ್ತಿ ಬೇಕು, ನಾನು ತಾರಸಿಯ ಮೆಟ್ಟಿಲ ಮೇಲೆ ನೆರಳು ಬಲೆಯ ಕೆಳಗೆ ಇಟ್ಟಿದ್ದೇನೆ. ಎಲೆ ಉದುರಿದ ಹಳೇ ಕಾಂಡವನ್ನು ಸತ್ತಿದೆ ಅಂತ ಕತ್ತರಿಸಬೇಡಿ. ಅದು ಗಿಡದ ಉಗ್ರಾಣ, ಅದರಿಂದಲೂ ಹೂ ಬರುತ್ತದೆ.

ಕೊಡಗು, ಮಲೆನಾಡಿನ ಕಡೆ ಹೋದಾಗ ಮರದ ಮೇಲೆ ಸೀತಾಳೆ ಅನ್ನುವ ಕಾಡು ಆರ್ಕಿಡ್ ಹೂವಿನ ದಂಡೆ ಜೋತಾಡುವುದು ಕಾಣುತ್ತದೆ. ಕಿತ್ತು ತರಬೇಡಿ, ದಾರಿ ಬದಿ ಮಾರಿದರೂ ಕೊಳ್ಳಬೇಡಿ. ಅವು ಆ ಮರದ ಮೇಲೆ ಅಷ್ಟಾಗಲು ಎಷ್ಟೋ ವರ್ಷ ಹಿಡಿದಿರುತ್ತದೆ, ನಮ್ಮ ಒಣ ಹವೆಗೆ ತಂದರೆ ಹೆಚ್ಚಿನವು ಉಳಿಯುವುದಿಲ್ಲ. ನರ್ಸರಿಯ ಗಿಡಗಳು ಲ್ಯಾಬಿನಲ್ಲಿ ಸಸಿ ಮಾಡಿ ಬೆಳೆಸಿದವು, ಕುಂಡಕ್ಕೆ ಒಗ್ಗಿರುತ್ತವೆ.

ಒಂದು ವಾರ ಊರಿಗೆ ಹೋಗಬೇಕಾದರೆ ಏನು ಮಾಡೋದು ಅಂತ ಕೇಳುವವರು ಜಾಸ್ತಿ. ಹೊರಡುವ ದಿನ ಬೆಳಿಗ್ಗೆ ಚೆನ್ನಾಗಿ ನೀರು ಹಾಕಿ, ಬಸಿದು, ಕಿಟಕಿಯಿಂದ ಎರಡಡಿ ಒಳಗೆ ಸರಿಸಿ ಹೋಗುತ್ತೇನೆ. ಪಕ್ಕದ ಮನೆಯವರಿಗೆ ನೀರು ಹಾಕಲು ಹೇಳುವುದಿಲ್ಲ. ವಾಪಸ್ ಬಂದಾಗ ಬೇರು ಬೆಳ್ಳಗಿರುತ್ತದೆ, ಎಲೆ ಗಟ್ಟಿಯಾಗಿಯೇ ಇರುತ್ತದೆ.