84ನೇ ಸೆಕ್ಷನ್ ಕೇಸು ನಾನು ನಡೆಸಿದ್ದು ಹೀಗೆ

ನಾನು ವಕೀಲ, ಲೀಗಲ್ ಏಡ್ (ಉಚಿತ ಕಾನೂನು ನೆರವು) ಕಡೆಯಿಂದ ಬೆಂಗಳೂರು ಸೆಷನ್ಸ್ ಕೋರ್ಟಲ್ಲಿ ಕೇಸ್ ನಡೆಸ್ತೀನಿ. 84 ಅಂದ್ರೆ ಮನಸ್ಸು ಸ್ವಾಧೀನದಲ್ಲಿಲ್ಲದೆ ಮಾಡಿದ್ದು ಅಪರಾಧ ಅಲ್ಲ ಅನ್ನೋ ಸೆಕ್ಷನ್. ಆರೋಪಿಗೆ ಮಾನಸಿಕ ಕಾಯಿಲೆ ಅಂದ ತಕ್ಷಣ ಜೂನಿಯರ್‌ಗಳು ಡಾಕ್ಟರ್ ಸರ್ಟಿಫಿಕೇಟ್ ಹಿಂದೆ ಬೀಳ್ತಾರೆ, ನಾನು ಮೊದ್ಲು ಮನೆಯವ್ರನ್ನ ಕೂರಿಸ್ಕೊಂಡು ಹಳೇ ಚೀಟಿ ಏನೇನಿದ್ಯೋ ಎಲ್ಲಾ ತನ್ನಿ ಅಂತೀನಿ, ಔಷಧಿ ಬಿಲ್ಲೂ ಬಿಡಬೇಡಿ.

ಯಾಕಂದ್ರೆ ಕಾಯಿಲೆ ಇತ್ತು ಅಂತ ತೋರಿಸಿದ್ರೆ ಸಾಲಲ್ಲ. ಹಳೇ ದಂಡ ಸಂಹಿತೆ ಐಪಿಸಿಯ 84 (2024 ಜುಲೈ 1ರಿಂದ ಅದರ ಜಾಗಕ್ಕೆ ಬಂದ ಬಿಎನ್‌ಎಸ್ 22, ಒಳಗಿನ ಮಾತು ಅದೇ) ಕೇಳೋದೇ ಬೇರೆ. ಆ ಹೊತ್ತಲ್ಲಿ ತಾನೇನು ಮಾಡ್ತಿದೀನಿ ಅಂತಾಗ್ಲಿ, ಅದು ತಪ್ಪು ಇಲ್ಲಾ ಕಾನೂನಿಗೆ ವಿರುದ್ಧ ಅಂತಾಗ್ಲಿ ತಿಳ್ಕೊಳ್ಳೋ ಸ್ಥಿತೀಲೇ ಇರ್ಲಿಲ್ವಾ? ಆ ಹೊತ್ತಲ್ಲಿ ಪಕ್ಕದಲ್ಲಿ ಡಾಕ್ಟ್ರು ಎಲ್ಲಿರ್ತಾರೆ, ಅದಕ್ಕೇ ಮುಂಚಿನ ದಿನಗಳು, ಆಮೇಲಿನ ಗಂಟೆಗಳು, ಇವನ್ನ ಹಿಡಿದೇ ಜಡ್ಜಿಗೆ ತೋರಿಸ್ಬೇಕು.

ಒಂದು ಕೇಸು, ಗುರುತು ಸಿಗದ ಹಾಗೆ ಬದಲಾಯಿಸಿ ಹೇಳ್ತಿದೀನಿ. ತಮ್ಮನೇ ಅಣ್ಣನ್ನ ಕೊಂದಿದ್ದ. ತಾಯಿಗೆ ಸತ್ತೋನೂ ಮಗ, ಒಳಗಿರೋನೂ ಮಗ. ರೇಷನ್ ಕಾರ್ಡ್ ಜೊತೆ ಪ್ಲಾಸ್ಟಿಕ್ ಕವರಲ್ಲಿ ನಿಮ್ಹಾನ್ಸ್ ಚೀಟಿ ಇಟ್ಟಿದ್ರು, ಅದ್ರಲ್ಲಿನ ನಂಬರ್ ಹಿಡ್ಕೊಂಡು ಕೋರ್ಟಿಂದ ಸಮನ್ಸ್ ಹಾಕಿಸಿ ಪೂರ್ತಿ ಫೈಲ್ ತರಿಸ್ದೆ. ಘಟನೆಗೆ ಕೆಲವು ತಿಂಗಳು ಮುಂಚೆಯಿಂದ ಮಾತ್ರೆ ನಿಂತಿತ್ತು, ವಾಸಿಯಾಗಿದ್ದಕ್ಕೇ ಬಿಟ್ಟ ಅಂತ ಪಿಪಿ (ಸರ್ಕಾರಿ ವಕೀಲರು) ಅದನ್ನೇ ಹಿಡ್ಕೊಂಡ್ರು. ನಾನು ಅಮ್ಮನ್ನೇ ಡಿಫೆನ್ಸ್ ಸಾಕ್ಷಿ ಮಾಡ್ದೆ. ಆ ತಿಂಗಳುಗಳಲ್ಲಿ ಅವ್ನು ಒಬ್ಬೊಬ್ನೇ ಜಗಳ ಆಡ್ತಿದ್ದ, ಮನೆ ನೀರು ಮುಟ್ತಿರ್ಲಿಲ್ಲ, ಬೀದಿ ನಲ್ಲಿಗೇ ಹೋಗ್ತಿದ್ದ. ಪಾಟಿ ಸವಾಲಲ್ಲಿ ಪಕ್ಕದ ಮನೆಯವ್ರೂ ಇದನ್ನ ಒಪ್ಕೊಂಡ್ರು. ಅದಕ್ಕಿಂತ ದೊಡ್ಡದು, ಕೊಂದ ಮೇಲೆ ಅಲ್ಲೇ ಕೂತ್ಕೊಂಡು "ಅಣ್ಣಂಗೂ ಕಾಫಿ ಕೊಡಮ್ಮ" ಅಂದಿದ್ದ, ಅದನ್ನ ಆ ಪಕ್ಕದ ಮನೆಯವ್ರೇ ಕೇಳಿಸ್ಕೊಂಡಿದ್ರು. ಬರೀ ಓಡಿಹೋಗ್ಲಿಲ್ಲ ಅನ್ನೋದನ್ನ ನೆಚ್ಕೋಬೇಡಿ, ಸುಪ್ರೀಂ ಕೋರ್ಟಿನ 1972ರ ಶೇರಾಲಿ ತೀರ್ಪು ಅದಷ್ಟೇ ಸಾಲ್ದು ಅನ್ನುತ್ತೆ.

ಐಒನೂ (ತನಿಖಾಧಿಕಾರಿ) ಬಿಡ್ಲಿಲ್ಲ. ಕಾಯಿಲೆ ವಿಷಯ ತಾಯಿ ಮೊದಲ್ನೇ ದಿನಾನೇ ಹೇಳಿದ್ರು, ಆದ್ರೂ ಪರೀಕ್ಷೆ ಮಾಡಿಸಿರ್ಲಿಲ್ಲ. ಅದು ಪ್ರಾಸಿಕ್ಯೂಷನ್ ಕೇಸಿಗೇ ದೊಡ್ಡ ಕೊರತೆ ಅಂತ 2007ರ ಬಾಪು ತೀರ್ಪಲ್ಲಿದೆ. ಸಾಬೀತು ಮಾಡೋ ಭಾರ ನಮ್ಮದೇ ನಿಜ, ಆದ್ರೆ 1964ರ ದಹ್ಯಾಭಾಯಿ ತೀರ್ಪಿನ ಪ್ರಕಾರ ಹೆಚ್ಚು ಸಂಭವ ಅನ್ನೋ ಮಟ್ಟಕ್ಕೆ ತೋರಿಸಿದ್ರೆ ಸಾಕು, ಸಂಶಯಾತೀತವಾಗಿ ಬೇಕಿಲ್ಲ.

ಇನ್ನೊಂದು ಗೊಂದಲ, ವಿಚಾರಣೆ ಎದುರಿಸೋ ಸ್ಥಿತೀಲಿದಾನಾ ಅನ್ನೋದೂ 84ನೂ ಒಂದೇ ಅಂದ್ಕೊಳ್ಳೋದು. ಪರಪ್ಪನ ಅಗ್ರಹಾರ ಜೈಲಿಗೆ ಹೋದಾಗ ಆರೋಪೀನ ಜಡ್ಜು ಯಾರು, ನಾನ್ಯಾರು ಅಂತ ಕೇಳಿ ನೋಡ್ತೀನಿ. ಗೊತ್ತಾಗ್ದೇ ಇದ್ರೆ ವಿಚಾರಣಾ ಕ್ರಮ ಹೇಳೋ ಸಿಆರ್‌ಪಿಸಿ 329ರಲ್ಲಿ (ಈಗ ಬಿಎನ್‌ಎಸ್‌ಎಸ್ 368) ಅರ್ಜಿ, ವಿಚಾರಣೆ ನಿಲ್ಲುತ್ತೆ, ಹುಷಾರಾದ್ಮೇಲೆ ಮತ್ತೆ ಶುರು. ಅದು ಇವತ್ತಿನ ಸ್ಥಿತಿ ವಿಷಯ, 84 ಅವತ್ತಿನದು.

"ಹುಚ್ಚ ಅಂದ್ರೆ ಮನೇಗೆ ಬಿಟ್ಬಿಡ್ತಾರಾ ಸಾರ್" ಅಂತ ಅಮ್ಮ ಕೇಳಿದ್ದಕ್ಕೆ "ಇಲ್ಲಮ್ಮ, ಗೆದ್ರೂ ಸೀದಾ ಮನೇಗಲ್ಲ" ಅಂತ ವಕಾಲತ್ತು ಹಾಕಿದಾಗ್ಲೇ ಹೇಳಿದ್ದೆ. ಖುಲಾಸೆ ಆದ್ಮೇಲೂ ಸಿಆರ್‌ಪಿಸಿ 335ರಲ್ಲಿ (ಈಗ ಬಿಎನ್‌ಎಸ್‌ಎಸ್ 374) ಸುರಕ್ಷಿತ ಕಸ್ಟಡಿ, ಇಲ್ಲಾಂದ್ರೆ ನೆಂಟ್ರು ಭದ್ರತೆ ಕೊಟ್ಟು ಕರ್ಕೊಂಡು ಹೋಗ್ಬೇಕು. ಆದ್ರೆ ಆ ಮನೇಲಿ ಸತ್ತೋನ ಹೆಂಡ್ತಿ, ಮಕ್ಳು ಇದಾರಲ್ಲ. ಅತ್ತಿಗೆ ಖಡಾಖಂಡಿತ ಬೇಡ ಅಂದ್ರು, ಅವ್ರದ್ದು ತಪ್ಪು ಅಂತ ನಾನು ಹೇಳಲ್ಲ. ಕೊನೆಗೆ ಕನಕಪುರ ಕಡೆಯ ಸೋದರಮಾವ ಮುಂದೆ ಬಂದ್ರು, ಮಾತ್ರೆ ತಪ್ಪಿಸಲ್ಲ, ಯಾರಿಗೂ ತೊಂದ್ರೆ ಆಗದ ಹಾಗೆ ನೋಡ್ಕೋತೀನಿ, ಕರೆದಾಗ ಹಾಜರುಪಡಿಸ್ತೀನಿ ಅಂತ ಬಾಂಡ್ ಬರ್ಕೊಟ್ಟು ಕರ್ಕೊಂಡು ಹೋದ್ರು.