ಕಂಬಳಿ ಕೊಪ್ಪೆ, ಅಡಿಕೆ ಚೊಗರು, ಕುಯ್ಲಿನ ಅಂಗಿ: ನನ್ನ ಅನುಭವ

ಕಾಫಿ ಹಣ್ಣು ಕುಯ್ಯೋ ಹೆಂಗಸರನ್ನ ನೀವೆಲ್ಲ ನೋಡಿರ್ತೀರ. ಸೀರೆ ಮೇಲೆ ಗಂಡಸರ ತುಂಬು ತೋಳಿನ ಅಂಗಿ, ತಲೆಗೊಂದು ಟವೆಲ್ಲು, ಸೊಂಟಕ್ಕೆ ಚೀಲ. ಇದನ್ನ ಯಾವ ಡಿಸೈನರ್ರೂ ಹೇಳಿಕೊಟ್ಟಿದ್ದಲ್ಲ, ಚಿಗಳಿ ಇರುವೆ ಕಚ್ಚುತ್ತೆ, ಕಾಫಿ ಗಿಡದ ರೆಕ್ಕೆ (ಕೊಂಬೆ) ಗೀರುತ್ತೆ, ಬೆಳಿಗ್ಗೆ ಇಬ್ಬನಿಗೆ ಮೈಯೆಲ್ಲ ಒದ್ದೆ ಆಗುತ್ತೆ, ಅದಕ್ಕೆ ಅವರೇ ಕಂಡ್ಕೊಂಡಿದ್ದು. ನಾನು ಬೆಂಗಳೂರಲ್ಲಿ ಫ್ಯಾಶನ್ ಡಿಸೈನ್ ಓದುವಾಗ ವರ್ಕ್‌ವೇರ್, ಅಂದ್ರೆ ಕೆಲಸದ ಬಟ್ಟೆ, ಅಂತ ಒಂದು ಪೇಪರ್ ಇತ್ತು, ಫ್ರಾನ್ಸಿನ ಕೂಲಿಗಳ ನೀಲಿ ಕೋಟು, 1873ರಲ್ಲಿ ಲೀವೈಸ್‌ನವರು ಪ್ಯಾಂಟ್ ಜೇಬಿಗೆ ರಿವೆಟ್ ಹೊಡೆದು ಪೇಟೆಂಟ್ ತಗೊಂಡಿದ್ದು, ಎಲ್ಲ ಬಾಯಿಪಾಠ. ನಮ್ಮನೆ ಕಣದಲ್ಲಿ ದಿನಾ ಓಡಾಡ್ತಿದ್ದ ವರ್ಕ್‌ವೇರ್ ಬಗ್ಗೆ ಮಾತ್ರ ಯಾರೂ ಒಂದು ಸಾಲೂ ಬರೆದಿರಲಿಲ್ಲ.

ಮೂಡಿಗೆರೆ ಕಡೆ ನಮ್ಮದು ಸಣ್ಣ ತೋಟ, ಅರೇಬಿಕಾ ಸ್ವಲ್ಪ, ರೋಬಸ್ಟಾ ಜಾಸ್ತಿ, ಸಿಲ್ವರ್ ಮರಕ್ಕೆ ಮೆಣಸು. ವಾಪಸ್ ಬಂದ್ಮೇಲೆ ಎರಡೇ ಐಟಮ್ ಮಾಡೋಣ ಅಂದ್ಕೊಂಡೆ. ಒಂದು ಕುಯ್ಲಿಗೆ ಹಾಕ್ಕೊಳೋ ಅಂಗಿ, ಇನ್ನೊಂದು ನಮ್ಮ ಅಜ್ಜನ ಕಾಲದಲ್ಲಿ ಎಲ್ಲರೂ ಹೊದೀತಿದ್ದ ಕಂಬಳಿ ಕೊಪ್ಪೆಯಿಂದ ಒಂದು ಮಳೆ ಕೋಟು.

ಬಟ್ಟೆ ಕತ್ತರಿಸೋಕೆ ಮೊದಲು ಇನ್ನೊಂದು ವಿಷಯ ತಲೆ ತಿಂತಿತ್ತು. ನಮ್ಮ ಸುತ್ತ ತೋಟದ ಕೆಲಸಕ್ಕೆ ಬರೋರಲ್ಲಿ ಹಸಲರು ತುಂಬ ಜನ ಇದಾರೆ. ಪರಿಶಿಷ್ಟ ಪಂಗಡದವರು, ಈ ಕಾಡು ಹಳ್ಳ ಎಲ್ಲ ನಮಗಿಂತ ಮುಂಚೆಯಿಂದ ಬಲ್ಲೋರು, ಆದ್ರೆ ಎಷ್ಟೋ ಮನೆಗಳಿಗೆ ಕೈಯಲ್ಲಿ ಹಕ್ಕುಪತ್ರ ಇಲ್ಲ. ತೋಟದ ಯಜಮಾನರ ಮಗಳು ಹೋಗಿ "ಅಕ್ಕ, ನಂಜೊತೆ ಸೇರಿ ಡಿಸೈನ್ ಮಾಡ್ತೀರಾ" ಅಂದ್ರೆ ಅವರು ಇಲ್ಲ ಅಂತಾರಾ? ನಾಳೆ ಅದೇ ತೋಟಕ್ಕೆ ಕೆಲಸಕ್ಕೆ ಬರಬೇಕಲ್ಲ. ಕೊಲ್ಯಾಬರೇಷನ್ ಅನ್ನೋ ಪದ ಲೇಬಲ್ ಮೇಲೆ ಚೆನ್ನಾಗಿ ಕಾಣುತ್ತೆ, ಅದರ ಹಿಂದೆ ಇಲ್ಲ ಅನ್ನೋಕೆ ಜಾಗ ಇದ್ಯಾ ಅಂತ ಯಾರೂ ಕೇಳಲ್ಲ. ಹಾಗಾಗಿ ನಮ್ಮ ತೋಟಕ್ಕೆ ಬರೋರನ್ನ ಬಿಟ್ಟು, ಪಕ್ಕದ ಊರಿನ ಕಾಲೋನಿಯ ನಾಕೈದು ಜನ ಹೆಂಗಸರ ಹತ್ರ ಮಾತಾಡ್ದೆ, ಅವರ ಜಗಲಿ ಮೇಲೇ ಕೂತು, ತೋಟದ ಲೆಕ್ಕ ಬರೆಯೋ ರೈಟರು ಗೀಟರು ಯಾರೂ ಇಲ್ದೆ. ಕೂತಷ್ಟು ದಿನಕ್ಕೂ ಆವತ್ತಿನ ಕೂಲಿ ಕೊಟ್ಟೆ, ಯಾಕಂದ್ರೆ ಅದೂ ಕೆಲಸಾನೇ. ಇಬ್ಬರು ಆಗಲ್ಲ ಅಂದ್ರು. ನಂಗೆ ಒಂಥರ ನೆಮ್ಮದಿ ಆಯ್ತು.

ಅಂಗಿ ವಿಷ್ಯದಲ್ಲಿ ಅವರು ಹೇಳಿದ್ದು ಕೇಳಿದ್ರೆ ಯಾವ ಟೈಲರಿಂಗ್ ಮೇಷ್ಟ್ರೂ ಬೇಡ. ನಾನು ಹೊಲ್ಕೊಂಡು ಹೋಗಿದ್ದ ಸ್ಯಾಂಪಲ್ ಹಾಕ್ಕೊಂಡು ಒಬ್ಬ ಅಕ್ಕ ಹಿತ್ಲಲ್ಲಿದ್ದ ಪೇರಲೆ ಮರಕ್ಕೆ ಕೈ ಎತ್ತಿದ್ರು, ಅಂಗಿ ಪೂರ್ತಿ ಮೇಲಕ್ಕೆ ಬಂತು, "ನೋಡಿ ಅಮ್ಮಾರೆ, ರೆಕ್ಕೆ ಬಗ್ಸಿದಾಗೆಲ್ಲ ಹೊಟ್ಟೆ ಕಾಣತ್ತೆ, ಚಿಗಳಿಗೆ ದಾರಿ ಆಯ್ತಲ್ಲ" ಅಂದ್ರು. ಹಳೇ ಜುಬ್ಬಾಗಳಲ್ಲಿ ಕಂಕುಳಿಗೆ ಚೌಕದ ತುಂಡು ಕೂರಿಸ್ತಿದ್ರಲ್ಲ, ಅದನ್ನ ಹಾಕಿದ್ಮೇಲೆ ಕೈ ಎತ್ತಿದ್ರೂ ಅಂಗಿ ಕೆಳಗೇ ನಿಲ್ತು. ಇನ್ನೊಬ್ಬರು ಭುಜದ ಹೊಲಿಗೆ ಮುಟ್ಟಿ ತೋರಿಸಿದ್ರು, ಮೂಟೆ ಹೊರುವಾಗ ಭಾರ ಪೂರ್ತಿ ಆ ಹೊಲಿಗೆ ಮೇಲೇ ಬೀಳೋದು, ಸಂಜೆ ಅಷ್ಟೊತ್ತಿಗೆ ಕೆಂಪು ಗೆರೆ. ಹೊಲಿಗೇನ ಎರಡು ಇಂಚು ಮುಂದಕ್ಕೆ, ಎದೆ ಕಡೆಗೆ ತಂದ್ವಿ, ಭುಜದ ಮೇಲೆ ಬರೀ ಎರಡು ಪದರ ಬಟ್ಟೆ. ಕುತ್ತಿಗೆ ಹತ್ರ ಕಾಲರ್ ಎತ್ರ ಮಾಡಿದ್ದೂ ಅವರು ಹೇಳಿದ್ಮೇಲೇನೆ, ಮೇಲಿಂದ ಕಸ, ಹುಳ ಒಳಗೆ ಬೀಳಬಾರ್ದು ಅಂತ.

ಕೊಪ್ಪೆ ಬೇರೇನೇ ಕಥೆ. ಅದರ ಉಣ್ಣೆ ನಮ್ಮ ಮಲೆನಾಡಿನದಲ್ಲ, ಬಯಲುಸೀಮೆಯದು. ಕಡೂರು, ಅರಸೀಕೆರೆ ಕಡೆ ಹೋದ್ರೆ ಕುರಿ ಮಂದೆ ಸಿಗುತ್ತೆ, ಹೊಲ ಖಾಲಿ ಇದ್ದಾಗ ರೈತರು ಮಂದೆ ನಿಲ್ಲಿಸ್ಕೋತಾರೆ, ರಾತ್ರಿಯೆಲ್ಲ ಬಿದ್ದ ಹಿಕ್ಕೆ ಗಂಜಳವೇ ಗೊಬ್ಬರ, ಅದಕ್ಕೆ ಕುರಿಯವರಿಗೆ ದವಸನೋ ದುಡ್ಡೋ ಕೊಡ್ತಾರೆ. ಅಂದ್ರೆ ಕಂಬಳಿ ಬೇಕು ಅಂದ್ರೆ ಹುಲ್ಲುಗಾವಲು ಇರಬೇಕು, ಮೇವಿಗೆ ಅಂತ ಬಿಟ್ಟ ಕಾವಲು ಇರಬೇಕು. ಅಜ್ಜಂಪುರದ ಕಡೆ ಅಮೃತ್ ಮಹಲ್ ದನಕ್ಕೆ ಅಂತ ಬಿಟ್ಟಿರೋ ಕಾವಲುಗಳನ್ನ ಪಾಳು ಜಾಗ ಅಂತ ಬೈಯ್ಯೋರಿಗೆ ಈ ಲೆಕ್ಕ ಗೊತ್ತಾಗಲ್ಲ. ಈಗ ಮಾಂಸಕ್ಕೆ ಅಂತ ಉಣ್ಣೆ ಇಲ್ದ ತಳಿ ಸಾಕೋರೇ ಜಾಸ್ತಿ, ಡೆಕ್ಕನಿ ಕುರಿ ತುಪ್ಪಟ (ಉಣ್ಣೆ) ಕತ್ತರಿಸಿದ ಕೂಲಿ ಕೂಡ ಹುಟ್ಟಲ್ಲ ಅಂತ ಬಿಸಾಕೋದೂ ಉಂಟು. ನಾನು ಕಂಬಳಿ ತರೋ ಅಜ್ಜ ಗುಂಡಿ ಮಗ್ಗದಲ್ಲಿ ಕೂತೇ ಮಾತಾಡಿಸ್ತಾರೆ, "ಏನವ್ವಾ, ಕಂಬ್ಳಿ ಕತ್ರಿಸ್ತೀಯಂತಲ್ಲ, ಕತ್ರಿಸಿದ್ರೆ ಎಳೆ ಬಿಚ್ಕೊಂಡು ಹೋಗ್ತದೆ" ಅಂದ್ರು. ಅವರ ಮಾತು ಹಿಡ್ಕೊಂಡೇ ಕೋಟಿನ ಡಿಸೈನ್ ಆಗಿದ್ದು.

ಕೊಪ್ಪೆ ಅಂದ್ರೆ ಕಂಬಳಿನ ಒಂದು ಕಡೆ ಮಡಿಸಿ, ಮೂಲೆ ಸೇರಿಸಿ ತಲೆ ಮೇಲೆ ಕೂರೋ ಹಾಗೆ ಮಾಡೋದು ಅಷ್ಟೇ, ಕತ್ತರಿಗೆ ಕೆಲಸಾನೇ ಇಲ್ಲ. ನಾನೂ ಆದಷ್ಟು ಕತ್ತರಿಸಲಿಲ್ಲ, ಮಡಿಕೆಯಲ್ಲೇ ಟೋಪಿ, ಭುಜ, ಬೆನ್ನು ತಂದೆ, ನೇಯ್ಗೆ ಅಂಚೇ ಕೋಟಿನ ಅಂಚು. ತೋಳು, ಮುಂಭಾಗ ಮಾತ್ರ ದಪ್ಪ ಕೈಮಗ್ಗದ ಹತ್ತಿ ಬಟ್ಟೆ. ಬಟನ್‌ಗೆ ಕಸಿ ಮಾಡಿದಾಗ, ಅಂದ್ರೆ ರೆಂಬೆ ಸವರಿದಾಗ, ಬಿದ್ದ ಕಾಫಿ ಗಿಡದ ಕಡ್ಡಿ, ಗಟ್ಟಿ ಮರ ಅದು, ಉಪ್ಪುಕಾಗದ ಹಾಕಿ ಉಜ್ಜಿ ಎಣ್ಣೆ ಹಚ್ಚಿದ್ರೆ ಸಾಕು. ಯಾರಾದ್ರೂ ಕಂಬಳಿಯಲ್ಲಿ ಹೊಲಿಯೋರಿದ್ರೆ ಒಂದು ಮಾತು: ಮಗ್ಗದಲ್ಲಿ ಹಾಸು ನೂಲಿಗೆ (ಉದ್ದದ ಎಳೆಗೆ) ಹುಣಸೆ ಬೀಜದ ಗಂಜಿ ಹಚ್ಚಿರ್ತಾರೆ, ಅದಕ್ಕೇ ಹೊಸ ಕಂಬಳಿ ಹಲಗೆ ಥರ ಇರೋದು. ರಾತ್ರಿ ಪೂರ್ತಿ ತಣ್ಣೀರಲ್ಲಿ ನೆನೆಸಿ, ತುಳಿದು, ನೆರಳಲ್ಲಿ ಒಣಗಿಸಿ ಆಮೇಲೆ ಅಳತೆ ತಗೊಳ್ಳಿ, ಉಣ್ಣೆ ಕುಗ್ಗುತ್ತೆ. ಬಿಸಿನೀರು ಮಾತ್ರ ಬೇಡ.

ಕಾಲೋನಿ ಅಕ್ಕಂದಿರಿಗೆ ಕೋಟು ತೋರಿಸಿದ್ರೆ ನಕ್ಕರು. "ಚಂದ ಆಗಿದೆ, ಆದ್ರೆ ನಾವು ಹಾಕಲ್ಲ, ನೆಂದ್ರೆ ಒಂದು ಮಣ ಭಾರ, ಒಣಗ್ಸಕ್ಕೆ ಒಲೆ ಮೇಲೆ ಜಾಗ ಎಲ್ಲಿದೆ, ನಮಗೆ ಪ್ಲಾಸ್ಟಿಕ್ಕೇ ಸರಿ." ನಿಜಾನೇ. ಆಷಾಢದ ಮಳೆಯಲ್ಲಿ ಇಂಬಳ (ಜಿಗಣೆ) ಕಿತ್ಕೊಂಡು ಕೆಲಸ ಮಾಡೋರಿಗೆ ಸಂಪ್ರದಾಯದ ಪಾಠ ಹೇಳೋಕೆ ನಾನ್ಯಾರು? ಕೋಟು ಪೇಟೆಯವರಿಗೆ, ಅಂಗಿ ಇಲ್ಲಿಯವರಿಗೆ ಅಂತ ಬೇರೆ ಬೇರೆ ಮಾಡಿಬಿಟ್ಟೆ. ಕೋಟಿಂದ ಲಾಭ ಬರೋದ್ರಿಂದ ಅಂಗೀನ ಬರೀ ಬಟ್ಟೆ ಖರ್ಚಿನ ಬೆಲೆಗೇ ಕೊಡಕ್ಕಾಗುತ್ತೆ.

ಬಣ್ಣಕ್ಕೆ ಬಂದ್ರೆ, ಕಾಡಿಂದ ಏನೂ ತರಲ್ಲ ಅಂತ ತೀರ್ಮಾನ. ಮತ್ತಿ ಚಕ್ಕೆ ಒಳ್ಳೇ ಕಂದು ಕೊಡುತ್ತೆ, ಕುಂಕುಮದ ಮರದ ಕಾಯಿ ಪುಡಿ ರೇಷ್ಮೆಗೆ ಬೆಂಕಿ ಥರ ಹತ್ತುತ್ತೆ, ಗೊತ್ತು. 2006ರ ಅರಣ್ಯ ಹಕ್ಕು ಕಾಯ್ದೆಯಲ್ಲಿ ಕಿರು ಉತ್ಪನ್ನ ಸಂಗ್ರಹಿಸಿ ಮಾರೋ ಹಕ್ಕು ಕಾಡಲ್ಲಿ ಬದುಕೋರಿಗೆ ಇದೆ, ಆದ್ರೆ ನನ್ನ ಆರ್ಡರ್ ಜಾಸ್ತಿ ಆದ್ರೆ ಚಕ್ಕೆ ಸುಲಿಯೋದೂ ಜಾಸ್ತಿ ಆಗುತ್ತೆ. ಚೌಡಿ ಬನದಿಂದ (ದೇವರ ಕಾಡಿಂದ) ಒಣಗಿದ ಎಲೇನೂ ಮುಟ್ಟಬೇಡಿ ಅಂತ ಅಕ್ಕಂದಿರೇ ಮೊದಲ ದಿನ ಹೇಳಿದ್ರು, ಅದು ಚರ್ಚೆ ಮಾಡೋ ವಿಷಯಾನೇ ಅಲ್ಲ.

ಹೊಲ ತೋಟದ ಕಸವೇ ಬೇಕಾದಷ್ಟಿದೆ. ಕೊಪ್ಪ, ಶೃಂಗೇರಿ ಕಡೆ ಅಡಿಕೆ ಬೇಯಿಸಿದ ಮೇಲೆ ಉಳಿಯೋ ಕೆಂಪು ರಸ, ಅಂದ್ರೆ ಚೊಗರು, ಸಾಮಿಲ್ಲಿನ ಹಲಸಿನ ಹೊಟ್ಟು ಹಳದಿಗೆ, ಮರಗಸಿ ಮಾಡಿದಾಗ (ನೆರಳಿನ ಮರ ಸವರಿದಾಗ) ಬೀಳೋ ಸಿಲ್ವರ್ ಸೊಪ್ಪು. ಚೊಗರು ಹೊಸ ಸಂಶೋಧನೆ ಏನಲ್ಲ, ಹೆಗ್ಗೋಡಿನ ಚರಕ ಕೈಮಗ್ಗ ಸಂಘದವರು ಎಷ್ಟೋ ವರ್ಷದಿಂದ ಅದರಲ್ಲೇ ಬಣ್ಣ ಹಾಕ್ತಿದಾರೆ. ನಾನು ಮಾಡೋದು ಹೀಗೆ, 1 ಕೆಜಿ ಹತ್ತಿ ಬಟ್ಟೆನ ಅಂಟುವಾಳದ ನೀರಲ್ಲಿ ಕುದಿಸಿ ಗಂಜಿ ಎಣ್ಣೆ ತೆಗೆದು, 200 ಗ್ರಾಂ ಅಳಲೆಕಾಯಿ ಪುಡಿ ನೆನೆಸಿದ ನೀರಲ್ಲಿ ಅದ್ದಿ, ಆಮೇಲೆ 150 ಗ್ರಾಂ ಪಟಿಕ, ಕೊನೆಗೆ ಚೊಗರಿನಲ್ಲಿ ಸಣ್ಣ ಉರಿ ಮೇಲೆ ಒಂದು ಗಂಟೆ. ಕೆಂಗಂದು ಬರುತ್ತೆ. ಸುಣ್ಣದ ತಿಳಿನೀರಲ್ಲಿ ಒಮ್ಮೆ ಎತ್ತಿದ್ರೆ ಎಲೆಅಡಿಕೆ ಹಾಕಿದ ಬಾಯಿ ಥರ ಇನ್ನೂ ಕೆಂಪೇರುತ್ತೆ. ಕಪ್ಪು ಬೂದಿ ಬಣ್ಣ ಬೇಕು ಅಂದ್ರೆ ಮುರಿದ ಕತ್ತಿ, ತುಕ್ಕು ಮೊಳೆ ಎಲ್ಲ ಬೆಲ್ಲದ ನೀರಲ್ಲಿ ಹಾಕಿ ಎರಡು ಮೂರು ವಾರ ಹುಳಿ ಬರಿಸಿದ ಕಬ್ಬಿಣದ ರಸ, ಅದೂ ಸ್ವಲ್ಪ, ಜಾಸ್ತಿ ಆದ್ರೆ ಹತ್ತಿ ನೂಲು ಪಿಸಿಯುತ್ತೆ. ಉಳಿದ ನೀರು ಹಳ್ಳಕ್ಕೆ ಬಿಡಲ್ಲ, ನಮ್ಮ ಹಳ್ಳ ಹೋಗಿ ಸೇರೋದು ಹೇಮಾವತಿಗೆ. ಇಂಗುಗುಂಡಿ ಮಾಡಿದೀನಿ, ಕ್ರೋಮ್, ತಾಮ್ರದ ಉಪ್ಪು ಮನೆ ಒಳಗೇ ಬರಲ್ಲ.

ಚೊಗರು ಸಿಗೋದು ಅಡಿಕೆ ಸುಗ್ಗೀಲಿ, ಕಡ್ಡಿ ಸಿಗೋದು ಕಸಿ ಟೈಮಲ್ಲಿ, ಕುಯ್ಲು ಶುರು ಆದ್ರೆ ಯಾವ ಅಕ್ಕಂದಿರೂ ಸಿಗಲ್ಲ. ದೀಪಾವಳಿಗೆ ಸ್ಟಾಕ್ ಬೇಕು ಅಂತ ಒಂದು ಅಂಗಡಿಯವರು ಒತ್ತಾಯ ಮಾಡಿದ್ರು, ಆಗಲ್ಲ ಅಂದೆ, ಆರ್ಡರ್ ಹೋಯ್ತು, ಹೋಗ್ಲಿ.

ದುಡ್ಡಿನ ಮಾತು ಕನ್ನಡದಲ್ಲೇ ಕಾಗದದ ಮೇಲೆ ಬರೆದು, ಎಲ್ಲರೆದುರು ಓದಿ ಹೇಳಿ, ಆಮೇಲೆ ಸಹಿ. ಮಾರಿದ ಪ್ರತಿ ಪೀಸಿನ ಬೆಲೆಯಲ್ಲಿ ನೂರಕ್ಕೆ ಹತ್ತು ಡಿಸೈನಿಗೆ ಕೂತೋರಿಗೆ, ಕಂಬಳಿ ಅಜ್ಜಂಗೆ ಚೌಕಾಸಿ ಇಲ್ದೆ ಮುಂಗಡ. ಫೋಟೋ ಹಾಕೋದು ಕೇಳಿದ್ಮೇಲೆ ಮಾತ್ರ. 2025ರ ಜೂನಲ್ಲಿ ಮಿಲಾನ್ ಶೋನಲ್ಲಿ ಇಟಲಿಯ ಫ್ಯಾಶನ್ ಕಂಪನಿ ಪ್ರಾಡಾದವರು ಕೊಲ್ಹಾಪುರಿ ಥರದ ಚಪ್ಪಲಿನೇ ತೋರಿಸಿ, ಗಲಾಟೆ ಆದ್ಮೇಲೆ ಭಾರತದ ಸ್ಫೂರ್ತಿ ಅಂತ ಒಪ್ಕೊಂಡ್ರಲ್ಲ, ಆ ಚಪ್ಪಲಿಗೆ 2019ರಲ್ಲೇ ಜಿಐ (ಭೌಗೋಳಿಕ ಗುರುತು) ಸಿಕ್ಕಿತ್ತು, ನಮ್ಮ ಬೆಳಗಾವಿ, ಬಾಗಲಕೋಟೆ, ಧಾರವಾಡ, ವಿಜಯಪುರವೂ ಅದರಲ್ಲಿವೆ. ನಾವೆಲ್ಲ ಫೇಸ್‌ಬುಕ್ಕಲ್ಲಿ ಬೈದ್ವಿ. ಇಲ್ಲಿ ಪಕ್ಕದ ಊರಿನ ಕಾಲೋನಿಯಿಂದ ಐಡಿಯಾ ತಂದು ನಮ್ಮ ಹೆಸರು ಹಾಕ್ಕೊಂಡ್ರೆ ಅದಕ್ಕೆ ಬೈಯೋರು ಯಾರೂ ಇರಲ್ಲ.

ಸದ್ಯ ಅಂಗಿ ಬಗ್ಗೆ ಒಂದೇ ಜಗಳ ಬಾಕಿ. ಅಕ್ಕಂದಿರಿಗೆ ಎದೆ ಮೇಲೆ ಮೊಬೈಲ್ ಜೇಬು ಬೇಕು, ಜಿಪ್ ಇರೋದು. ಜಿಪ್ ಮಳೆಗೆ ತುಕ್ಕು ಹಿಡಿಯುತ್ತೆ, ಮುಚ್ಚಳದ ಜೇಬು ಮಾಡ್ತೀನಿ ಅಂತ ನಾನು, ಬಗ್ಗಿದ್ರೆ ಫೋನ್ ಹಳ್ಳಕ್ಕೆ ಬೀಳತ್ತೆ ಅಂತ ಅವರು. ಪ್ಲಾಸ್ಟಿಕ್ ಹಲ್ಲಿನ ಜಿಪ್ ತರಿಸಿದೀನಿ, ಈ ಕುಯ್ಲಲ್ಲಿ ಹಾಕ್ಕೊಂಡು ನೋಡ್ಲಿ.